ಬೀಗ ಬಿದ್ದ ಸೆರಗುಗಳು

ನಾನು ಒಂದು ಹಾರ್ಡ್ ಡಿಸ್ಕ್. ಅಂಗೈಯಗಲದ ಕಪ್ಪು ಪೆಟ್ಟಿಗೆ, ಗೇಣುದ್ದದ ಒಂದು ವೈರು, ಇಷ್ಟೇ ನನ್ನ ಆಸ್ತಿ. ಹುಟ್ಟಿದ್ದು ದೂರದೇಶದ ಕಾರ್ಖಾನೆಯಲ್ಲಿ, ಧೂಳಿನ ಕಣವೂ ನುಸುಳದ ಕೋಣೆಯಲ್ಲಿ. ಬದುಕಿದ್ದು ಮಾತ್ರ ರಬಕವಿಯ ನೇಕಾರರ ಓಣಿಯಲ್ಲಿ, ಮೂರು ಹೊತ್ತೂ ಹತ್ತಿಯ ಧೂಳು ತಿನ್ನುತ್ತ.

ನನ್ನನ್ನು ಕೊಂಡು ತಂದವರು ಸಿದರಾಯಪ್ಪ. ಸೀರೆಯ ದಡಿ, ಸೆರಗಿನ ಚಿತ್ತಾರಗಳನ್ನು ಕಂಪ್ಯೂಟರಿನಲ್ಲಿ ಸಿದ್ಧ ಮಾಡಿ ಮಗ್ಗದವರಿಗೆ ಕೊಡುವುದು ಅವರ ಕಸುಬು. ಆದರೆ ಚಿತ್ತಾರ ಅವರದಲ್ಲ, ಅವರ ಅಕ್ಕ ನೀಲವ್ವನದು. ಆಕೆ ನಲವತ್ತು ವರ್ಷ ಚೌಕುಳಿ ಹಾಳೆಯ ಮೇಲೆ ಒಂದೊಂದೇ ಮನೆ ತುಂಬಿ ಬರೆದವಳು. ಈಗ ಆಕೆಯ ಎರಡೂ ಕಣ್ಣು ಹೋಗಿವೆ. ಆರುನೂರ ಹನ್ನೆರಡು ಹಾಳೆಗಳನ್ನು ತಮ್ಮ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದರು, ಇನ್ನೊಂದು ಪ್ರತಿಯನ್ನು ನನ್ನೊಳಗಿಟ್ಟರು. ಆಗ ನನಗೆಷ್ಟು ಜಂಬ ಅಂತೀರಿ!

ಹಾಳೆಗಳಿಗೆ ಗೆದ್ದಲು ಹತ್ತಿತ್ತು. ಅಕ್ಕನ ಕೈಕೆಲಸ ಕಸದ ಗಾಡಿಗೆ ಹೋಗಬಾರದೆಂದು, ಹರಿದುಹೋದ ಪುರಾಣದ ಪುಸ್ತಕಗಳನ್ನು ಹೊಳೆಗೆ ಬಿಡುವಂತೆ, ಅವಕ್ಕೂ ಅರಿಷಿಣ ಕುಂಕುಮ ಹಚ್ಚಿ ಕೃಷ್ಣೆಗೆ ಬಿಟ್ಟು ಬಂದರು.

"ಇನ್ನೇನ್ ಚಿಂತಿ ಇಲ್ಲಕ್ಕಾ, ಎಲ್ಲಾ ಎರಡೆರಡು ಕಡೆ ಅದಾವ," ಅಂದರು.

ಎಲ್ಲಿಯ ಎರಡು ಕಡೆ! ನಾನು ಸದಾ ಆ ಕಂಪ್ಯೂಟರಿಗೇ ಜೋತುಬಿದ್ದಿದ್ದೆ. ವೈರು ಸಿಕ್ಕಿಸುವ ಜಾಗ ಸಡಿಲಾಗಿತ್ತು. ಒಮ್ಮೆ ಕಿತ್ತರೆ ಮತ್ತೆ ಹಿಡಿಸಲು ಅರ್ಧ ತಾಸು ಹೆಣಗಬೇಕು. ಅದಕ್ಕೇ ಕೀಳುವುದನ್ನೇ ಬಿಟ್ಟಿದ್ದರು.

ಒಂದು ಮಧ್ಯಾಹ್ನ ಪಕ್ಕದ ಮಗ್ಗದ ಚನಮಲ್ಲಪ್ಪ ಪೆನ್ ಡ್ರೈವ್ ಹಿಡಿದು ಬಂದರು. "ಹೊಸಾ ಡಿಜೈನ್ ಸಾಫ್ಟ್‌ವೇರ್ ಐತಿ, ಪುಕ್ಕಟೆ. ಆ್ಯಂಟಿವೈರಸ್ ಒಂದೀಟ್ ಬಂದ್ ಮಾಡಿ ಹಾಕ್ಕೋ, ಇಲ್ಲಾಂದ್ರ ಅದು ಒಳಗ ಬಿಡಂಗಿಲ್ಲ."

ಕಾವಲುಗಾರನನ್ನು ಮಲಗಿಸಿ ಬಾಗಿಲು ತೆಗೆಯಿರಿ ಅಂದರೆ ಯಾರಾದರೂ ತೆಗೆಯುತ್ತಾರೆಯೇ? ಸಿದರಾಯಪ್ಪ ತೆಗೆದರು.

ಇಬ್ಬರ ಚಹಾ ಮುಗಿಯುವುದರೊಳಗೆ ಆ ಸಾಫ್ಟ್‌ವೇರಿನಲ್ಲಿ ಅಡಗಿದ್ದ ವೈರಸ್ಸು ಕಂಪ್ಯೂಟರನ್ನೆಲ್ಲ ಜಾಲಾಡಿ, ವೈರಿನಗುಂಟ ನನ್ನೊಳಕ್ಕೂ ಬಂತು. ಒಂದನ್ನೂ ಹೊತ್ತೊಯ್ಯಲಿಲ್ಲ. ಒಂದೊಂದು ಚಿತ್ತಾರವನ್ನೂ ತನ್ನ ಗುಟ್ಟಿನ ಲಿಪಿಗೆ ತಿರುಗಿಸಿ ಬೀಗ ಜಡಿಯಿತು. ನಾನು ತಡೆಯಲಿಲ್ಲ. ಬರೆದುಕೋ ಅಂದರೆ ಬರೆದುಕೊಳ್ಳುವುದಷ್ಟೇ ನನಗೆ ಗೊತ್ತು. ಆಮೇಲೆ ಪರದೆಯ ಮೇಲೆ ಚೀಟಿ ಬಂತು: ಹಣ ಕೊಟ್ಟರೆ ಕೀಲಿ ಕೊಡುತ್ತೇವೆ.

ಸಿದರಾಯಪ್ಪ ತಲೆಯ ಮೇಲೆ ಕೈಹೊತ್ತು ಕುಳಿತರು. ಒಳಗಿನಿಂದ ನೀಲವ್ವ, "ಯಾಕೋ ತಮ್ಮಾ, ಒಮ್ಮಿಂದೊಮ್ಮೆ ಸುಮ್ಮನಾದಿ?" ಎಂದು ಕೇಳಿದಾಗ ಅವರಿಗೆ ದುಃಖ ತಡೆಯಲಾಗಲಿಲ್ಲ. ನನಗೂ ನಾಚಿಕೆಯಾಯಿತು. ಕಾಯಲೆಂದೇ ತಂದಿದ್ದ ನಾನು ಕಾಯಲಿಲ್ಲ.

ಮರುದಿನ ಸೈಬರ್ ಪೊಲೀಸ್ ಠಾಣೆಗೆ ನನ್ನನ್ನೂ ಒಯ್ದರು. ಅಲ್ಲಿಯ ಇನ್‌ಸ್ಪೆಕ್ಟರ್ ಮೇಡಂ ದೂರು ಬರೆದುಕೊಂಡು ಹೇಳಿದರು: "ರೊಕ್ಕಾ ಕೊಟ್ರ ಕೀಲಿ ಕೊಟ್ಟೇ ಕೊಡ್ತಾರಂತ ಖಾತ್ರಿ ಇಲ್ರಿ. ಈ ಡಿಸ್ಕ್ ಅಳಸಬ್ಯಾಡ್ರಿ, ಜ್ವಾಪಾನ ಇಡ್ರಿ. ಮುಂದ ಯಾರರೆ ಈ ಬೀಗಕ್ಕ ಕೀಲಿ ಹುಡುಕಿದ್ರ ನಿಮ್ಮ ಪುಣ್ಯಾ. ಇನ್‌ಮ್ಯಾಲೆ ಪ್ರತಿ ಮಾಡಿದ ಕೂಡ್ಲೆ ವೈರ್ ಕಿತ್ತು ಬ್ಯಾರೆ ಮನ್ಯಾಗ ಇಡ್ರಿ. ಪುಕ್ಕಟೆ ಸಾಫ್ಟ್‌ವೇರ್ ಸಹವಾಸ ಬಿಡ್ರಿ."

ಮನೆಗೆ ಬಂದು ಸಿದರಾಯಪ್ಪ ಅಕ್ಕನಿಗೆ ಎಲ್ಲವನ್ನೂ ಹೇಳಿದರು. ಹೊಳೆಗೆ ಬಿಟ್ಟ ಹಾಳೆಗಳ ಮಾತು ಬಂದಾಗ ನೀಲವ್ವ ತಡವಿ ತಮ್ಮನ ಕೈ ಹಿಡಿದಳು.

"ಅಳಬ್ಯಾಡೋ," ಅಂದಳು. "ನನ್ನ ಕಣ್ಣ ಹೋಗ್ಯಾವ, ಉಗುರ ಹೋಗಿಲ್ಲ. ಓಣ್ಯಾಗ ಯಾರ ಮನ್ಯಾಗ ನನ್ನ ಚಿತ್ತಾರದ ಹಳೀ ಸೀರಿ ಅದಾವ, ಇಸ್ಕೊಂಡ್ ಬಾ."

ಈಗ ದಿನಾ ಬೆಳಿಗ್ಗೆ ಆಕೆ ಯಾರದೋ ಮದುವೆಯ ಸೀರೆಯನ್ನು ತೊಡೆಯ ಮೇಲೆ ಹರವಿಕೊಳ್ಳುತ್ತಾಳೆ. ದಡಿಯ ಮೇಲೆ ಉಗುರಾಡಿಸಿ ಎಳೆ ಎಣಿಸುತ್ತಾಳೆ. "ಮೂರ ಬಿಡು, ಎರಡ ತುಂಬು," ಅನ್ನುತ್ತಾಳೆ. ತಮ್ಮ ಕಂಪ್ಯೂಟರಿನಲ್ಲಿ ಮನೆ ತುಂಬುತ್ತಾರೆ. ಸಂಜೆಗೆ ಹೊಸ ಡಿಸ್ಕಿಗೆ ಪ್ರತಿ ಮಾಡಿ, ವೈರು ಕಿತ್ತು, ಚನಮಲ್ಲಪ್ಪನವರ ಮನೆಯ ಟ್ರಂಕಿನಲ್ಲಿಟ್ಟು ಬರುತ್ತಾರೆ. ಹಾಗೆ ಇಡಲು ಕೇಳಿಕೊಂಡವರು ಚನಮಲ್ಲಪ್ಪನವರೇ.

ನಾನು ಬಟ್ಟೆ ಸುತ್ತಿಕೊಂಡು ಕಪಾಟಿನ ಮೂಲೆಯಲ್ಲಿದ್ದೇನೆ. ಐದು ತಿಂಗಳಲ್ಲಿ ಹದಿನಾಲ್ಕು ಚಿತ್ತಾರ ಮುಗಿದಿವೆ. ನೀಲವ್ವನಿಗೆ ಎಪ್ಪತ್ತೊಂದು ವರ್ಷ. ನನ್ನೊಳಗೆ ಆರುನೂರ ಹನ್ನೆರಡೂ ಇವೆ, ಒಂದನ್ನೂ ಆಕೆಗೆ ಕೊಡಲಾರೆ.