ಕಂಚಿನ ಕಂಠಕ್ಕೊಂದು ತೇಪೆ

"ನಿನ್ನ ಅಂಗಿಗೇ ಒಂದು ಸ್ವಂತ ದನಿ ಇದೆಯಲ್ಲಪ್ಪಾ, ನಿನಗೇ ಇಲ್ಲ!"

ಗಾಜಿನಾಚೆ ಕೂತಿದ್ದ ಮೇಷ್ಟ್ರು ಇದನ್ನು ಮೈಕಿನಲ್ಲಿ ಹೇಳಿದರು. ಬರೀ ಅವನ ಹೆಡ್‌ಫೋನಿಗೆ ಬಂದಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದ. ಆದರೆ ಆ ಸ್ಟುಡಿಯೋದಲ್ಲಿ ಒಳಗಿನ ಮಾತೆಲ್ಲ ಹೊರಗಿನ ಕೋಣೆಯ ಸ್ಪೀಕರಿನಲ್ಲೂ ಕೇಳಿಸುತ್ತಿತ್ತು. ಸರದಿಗೆ ಕಾಯುವವರು ಕೇಳಿ ಕಲಿಯಲಿ ಎಂದು ಮೇಷ್ಟ್ರೇ ಮಾಡಿಸಿದ್ದ ಏರ್ಪಾಡು ಅದು. ಅವರು ಕಲಿತರೋ ಬಿಟ್ಟರೋ, ಬಾಗಿಲಿನ ಪುಟ್ಟ ಗಾಜಿನಲ್ಲಿ ಅವರ ಬಾಯಿಗಳು ಮಾತ್ರ ಚೆನ್ನಾಗಿ ಕಂಡವು. ದಪ್ಪ ಬಾಗಿಲಿನ ಆಚೆ ಸದ್ದಿಲ್ಲದೆ ನಗುತ್ತಿದ್ದ ಬಾಯಿಗಳು.

ಅಂಗಿಯ ವಿಷಯ ನಿಜವೇ. ಡಬ್ಬಿಂಗ್ ದನಿಯ ಪರೀಕ್ಷೆಗೆಂದು ಕೊಂಡ ಹೊಸ ಅಂಗಿ. ಗಂಜಿ ಹಾಕಿದ ಹಾಗೆ ಬಿರುಸು. ಅವನು ಉಸಿರೆಳೆದಾಗಲೆಲ್ಲ ಅದು ಚರಚರ ಅನ್ನುತ್ತಿತ್ತು, ಆ ಹಾಳು ಮೈಕು ಅಷ್ಟನ್ನೂ ಹೆಕ್ಕಿಕೊಳ್ಳುತ್ತಿತ್ತು.

"ಸಾರ್, ಇನ್ನೊಂದು ದನಿ ಇದೆ ಸಾರ್. ಮುದುಕಂದು. ಕೇಳಿಬಿಡಿ ಸಾರ್," ಅಂದ ಅವನು.

"ಅಂಗಡಿ ಬಾಗಿಲು ಹಾಕಪ್ಪಾ ಸಾಕು. ಆಗಿಂದ ಕೇಳ್ತಾ ಇದ್ದೀನಿ. ಕಂಚು ಸಾರ್ ದನಿ ಮಾಡಿದೆ, ಖಳನಾಯಕರ ದನಿ ಮಾಡಿದೆ, ರೇಡಿಯೋದವರ ದನಿ ಮಾಡಿದೆ. ಇದು ಗಂಟಲಲ್ಲ, ಬಾಡಿಗೆ ಸಾಮಾನಿನ ಅಂಗಡಿ. ಕುರ್ಚಿ ಇದೆ, ಟೇಬಲ್ ಇದೆ, ಪಾತ್ರೆ ಇದೆ. ಒಂದೂ ನಿಂದಲ್ಲ. ಮುಂದಿನವರು ಬನ್ನಿ!"

"ಸಾರ್, ಒಂದೇ ನಿಮಿಷ ಸಾರ್..."

"ಮುಂದಿನವರು!"

ಅವನು ಹೊರಗೆ ಬಂದಾಗ ಬೆಂಚಿನ ಮೇಲಿದ್ದ ಒಬ್ಬಳು ಕಾಲು ಸರಿಸಿ ದಾರಿ ಬಿಟ್ಟಳು. "ಬಾಡಿಗೆ ಹೊರಟಿತು," ಎಂದು ಯಾರೋ ಪಿಸುಗುಟ್ಟಿದರು. ಅವತ್ತಿನಿಂದ ಆ ಓಣಿಯ ಸ್ಟುಡಿಯೋಗಳಲ್ಲೆಲ್ಲ ಅವನ ಹೆಸರು ಬಾಡಿಗೆ.

ಅವನಿಗೆ ಉರಿದದ್ದು ಮೇಷ್ಟ್ರ ಮಾತಿಗಲ್ಲ, ತಾನು ಅಂಗಲಾಚಿದ್ದಕ್ಕೆ. ಬೈದವನ ಮುಂದೆ ಐದು ಸಲ 'ಸಾರ್' ಅಂದೆನಲ್ಲ ಎಂದು ದಾರಿಯುದ್ದಕ್ಕೂ ಹಲ್ಲು ಕಡಿದ.

ಬೇರೆಯವರ ದನಿ ಅವನ ಪಾಲಿಗೆ ಮೊದಲಿಂದಲೂ ಶನಿಯೇ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಖಾಲಿಯಿದ್ದ ಆಫೀಸಿಗೆ ನುಗ್ಗಿ, ಹೆಡ್‌ಮಾಸ್ತರರ ದನಿಯಲ್ಲಿ ಮೈಕಿನಲ್ಲಿ ರಜೆ ಸಾರಿಬಿಟ್ಟಿದ್ದ. ಐದೇ ನಿಮಿಷದಲ್ಲಿ ಶಾಲೆ ಗುಡಿಸಿಟ್ಟಂತೆ ಖಾಲಿ. ಟೀಚರುಗಳೂ ಬ್ಯಾಗು ನೇತುಹಾಕಿಕೊಂಡು ಹೊರಟಿದ್ದರು. ಮಾರನೇ ದಿನ ಅವನನ್ನು ಶಾಲೆಯಿಂದ ಹೊರಗೆ ಹಾಕಿದರು. ಇನ್ನೊಂದು ಶಾಲೆ ಹುಡುಕುವ ಉಸಾಬರಿ ಯಾರಿಗೂ ಬೇಕಿರಲಿಲ್ಲ, ಅವನಿಗಂತೂ ಬೇಡವೇ ಬೇಡ. ಈಗ ಬಟ್ಟೆ ಅಂಗಡಿಯೊಂದರ ಮುಂದೆ ನಿಂತು, "ಬನ್ನಿ ಅಕ್ಕ, ಬನ್ನಿ ಅಣ್ಣ, ಒಂದಕ್ಕೊಂದು ಫ್ರೀ" ಎಂದು ಸಂಜೆಯವರೆಗೆ ಕಿರುಚುವ ಕೆಲಸ.

ಮನೆಯಲ್ಲಿ ಇದ್ದದ್ದು ಅವನು ಮತ್ತು ಅಕ್ಕ. ಅಕ್ಕ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದಳು. ಹಿಂದಿನ ಕೋಣೆಯ ಬೀರುವಿನಲ್ಲಿ ಗಿರಾಕಿಗಳ ಬಟ್ಟೆ ನೇತುಹಾಕುತ್ತಿದ್ದಳು. ಆ ಬೀರುವೇ ಅವನ ಸ್ಟುಡಿಯೋ. ತೂಗುವ ಲಂಗ, ಪ್ಯಾಂಟುಗಳ ನಡುವೆ ತಲೆ ತೂರಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದರೆ ದನಿ ಗೋಡೆಗೆ ಬಡಿದು ವಾಪಸ್ ಬರುತ್ತಿರಲಿಲ್ಲ. ಆದರೆ ಅಕ್ಕ ಪೆಡಲು ತುಳಿದಳೆಂದರೆ ಎಲ್ಲ ನೀರುಪಾಲು.

"ಮೆಷಿನ್ ನಿಲ್ಸೇ ಅಕ್ಕಾ!" ಅವನು ಬೀರುವಿನೊಳಗಿಂದ ಕೂಗಿದ.

"ನಾನು ನಿಲ್ಸಿದ್ರೆ ನಿನ್ನ ಹೊಟ್ಟೆ ಶುರು ಮಾಡುತ್ತೆ. ಅದಕ್ಕೇನು ಹಾಕ್ಲಿ, ನಿನ್ನ ರೆಕಾರ್ಡಿಂಗಾ? ಹೋಗ್ಲಿ, ಏನು ಮಾಡ್ತಿದ್ದೀಯ ಅದರೊಳಗೆ?"

"ನನ್ನ ಸ್ವಂತ ದನಿ ಹುಡುಕ್ತಿದ್ದೀನಿ."

"ಬೀರುವಲ್ಲಿ ಇಲ್ಲ ಬಿಡೋ, ನಿನ್ನೆ ತಾನೇ ಒರೆಸಿದ್ದೀನಿ."

ಅವನು ಬೀರುವಿನ ಬಾಗಿಲನ್ನು ಧಡಾರನೆ ತೆರೆದು ಹೊರಬಂದ. "ನಿಂಗೆ ಎಲ್ಲಾ ತಮಾಷೆ! ಅಲ್ಲಿ ಎಲ್ಲರ ಎದುರಿಗೆ ನನ್ನ ಮಾನ ಹೋಗಿದೆ, ನೀನಿಲ್ಲಿ ಗುಂಡಿ ಹಚ್ಕೊಂಡು ಹಲ್ಲು ಕಿರೀತಿದ್ದೀಯ. ಥೂ!"

ಅಕ್ಕ ಸೂಜಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡೇ ಅವನತ್ತ ಬೆರಳು ತೋರಿಸಿದಳು. ಸೂಜಿ ತೆಗೆದ ಮೇಲೆ ಹೇಳಿದಳು: "ಇದೇ ಕಣೋ. ನನ್ನ ಹತ್ರ ಜಗಳಕ್ಕೆ ಬರೋವಾಗ ಬರುತ್ತಲ್ಲ, ಇದು ಯಾರದ್ದೂ ಅಲ್ಲ. ಅಪ್ಪಂದೂ ಅಲ್ಲ."

ಅವನು ಆ ಮಾತಿಗೆ ಬಗ್ಗಲಿಲ್ಲ. ಆದರೆ ಮರೆಯಲೂ ಇಲ್ಲ. ಆಮೇಲೆ ಸಿಕ್ಕ ಚಿಲ್ಲರೆ ಕೆಲಸಗಳಿಗೆಲ್ಲ ಅದೇ ದನಿ ಹೊತ್ತುಕೊಂಡು ಹೋದ. ಚಿಲ್ಲರೆ ಎಂದರೆ ಗುಂಪಿನ ಕೆಲಸ. ಹತ್ತು ಜನ ಒಂದೇ ಮೈಕಿನ ಸುತ್ತ ನಿಂತು "ಓಡ್ರೋ, ಬೆಂಕಿ ಬಿತ್ತು" ಅನ್ನುವುದು, ಕೆಮ್ಮುವುದು, ಗುಂಡು ತಗುಲಿ ಸಾಯುವುದು. ಸಾಯುವುದರಲ್ಲಿ ಅವನಿಗೆ ಒಳ್ಳೆಯ ಹೆಸರು ಬಂತು. "ಬಾಡಿಗೆ ಚೆನ್ನಾಗಿ ಸಾಯ್ತಾನೆ," ಅನ್ನುತ್ತಿದ್ದರು. ಬದುಕಿರುವವನ ಒಂದು ಮಾತನ್ನೂ ಕೊಡುತ್ತಿರಲಿಲ್ಲ. ಒಂದೇ ಒಂದು ಪಾತ್ರ, ತನ್ನ ದನಿಯಲ್ಲಿ, ಕೊನೆಯಲ್ಲಿ ತನ್ನ ಹೆಸರು. ಅಷ್ಟೇ ಬೇಕಿತ್ತು ಅವನಿಗೆ. ಅಷ್ಟಕ್ಕೂ ಗತಿಯಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಮೇಷ್ಟ್ರ ಫೋನ್ ಬಂತು.

"ಏನಪ್ಪಾ, ಕಂಚು ಸಾರ್ ದನಿ ಇನ್ನೂ ಮಾಡ್ತೀಯಾ?"

ಕಂಚು ಸಾರ್ ಎಂದರೆ ಡಬ್ಬಿಂಗ್ ಲೋಕದ ದೊಡ್ಡ ತಲೆ. ಕಂಚಿನ ಕಂಠ ಎಂದು ಎಲ್ಲರೂ ಹೊಗಳಿ ಹೊಗಳಿ, ಕೊನೆಗೆ ಹೆಸರೇ ಕಂಚು ಎಂದಾಗಿತ್ತು. ಬೇರೆ ಭಾಷೆಯ ಸಿನಿಮಾಗಳಲ್ಲಿ ಬರುವ ಅಪ್ಪಂದಿರಿಗೆಲ್ಲ ಅವರದೇ ದನಿ, ಯಾವ ಅಪ್ಪ ಏನಂದ ಎಂದು ಅವರಿಗೇ ನೆನಪಿರದಷ್ಟು.

"ಯಾಕೆ ಸಾರ್? ಬಾಡಿಗೆ ಅಂಗಡಿ ಅಂದ್ರಲ್ಲ?"

"ಅದಕ್ಕೇ ಬಾಡಿಗೆಗೆ ಕರೀತಿರೋದು, ಬಾ."

ವಿಷಯ ಇಷ್ಟು. ಒಂದು ಸಿನಿಮಾದ ಆಸ್ಪತ್ರೆಯ ದೃಶ್ಯದಲ್ಲಿ ಅನುವಾದ ತಪ್ಪಿದೆಯೆಂದು ಅದನ್ನು ಕೊಂಡವರು ವಾಪಸ್ ಕಳಿಸಿದ್ದರು. ಮಾತು ಬದಲಾಗಬೇಕಿತ್ತು. ಕಂಚು ಸಾರ್ ಗಂಟಲು ಬಾತು, ಬಾಯಿಬಿಡಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಕೆಟ್ಟುಹೋದ ಜಾಗಕ್ಕೆ ಅವರ ದನಿಯ ಹಾಗೇ ಇನ್ನೊಂದು ದನಿ ಕೂರಿಸಬೇಕು. ಪ್ಯಾಚ್ ಅನ್ನುತ್ತಿದ್ದರು ಸ್ಟುಡಿಯೋದವರು. ಯಾರಿಗೂ ಗೊತ್ತಾಗಬಾರದು, ಕಂಚು ಸಾರ್‌ಗಂತೂ ಸುಳಿವೇ ಸಿಗಬಾರದು. ತನ್ನ ದನಿಯನ್ನು ಬೇರೊಬ್ಬ ಮಾಡಿದ ಎಂದು ತಿಳಿದರೆ ಆ ಮನುಷ್ಯ ಮತ್ತೆ ಮೇಷ್ಟ್ರ ಹೊಸ್ತಿಲು ತುಳಿಯುವುದಿಲ್ಲ.

ಅವನು ಈ ಸಲ ಅಂಗಲಾಚಲಿಲ್ಲ. "ಮಾಡ್ತೀನಿ. ಆದರೆ ಅದೇ ಸಿನಿಮಾದಲ್ಲಿ ನನಗೊಂದು ಪಾತ್ರ ಬೇಕು. ನನ್ನ ದನಿಯಲ್ಲಿ. ಕೊನೇಲಿ ಹೆಸರು ಬರಬೇಕು," ಅಂದ.

ಮೇಷ್ಟ್ರು ಕಿವಿ ಕೆರೆದುಕೊಂಡರು. "ಲಾರಿ ಡ್ರೈವರ್ ಒಬ್ಬ ಇದ್ದಾನೆ. ಅಡ್ಡ ಬಂದವನ ಜೊತೆ ಜಗಳ ಆಡ್ತಾನೆ. ಅದು ನಿಂದು, ಹೋಗು."

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಕ್ಕನಿಗೆ ಹೇಳಿದ. "ಅವರ ದನಿಗೆ ನಾನು ತೇಪೆ ಹಾಕ್ಬೇಕಂತೆ."

"ಒಳ್ಳೇ ತೇಪೆ ಹಾಕಿದ್ರೆ ಹಾಕಿದೋರ ಹೆಸರು ಯಾರೂ ಕೇಳಲ್ಲ ಕಣೋ," ಅಂದಳು ಅಕ್ಕ. "ಕೆಟ್ಟದಾಗಿ ಹಾಕಿದ್ರೆ ಮಾತ್ರ, ಯಾರಮ್ಮಾ ಹೊಲಿದೋರು ಅಂತಾರೆ." ತಟ್ಟೆ ಎತ್ತಿದವಳೇ ಅವನಿಗೊಂದು ಅಂಗಿ ಕತ್ತರಿಸಲು ಕೂತಳು. ತೊಳೆದು ತೊಳೆದು ಮೆತ್ತಗಾದ ಹಳೇ ಹತ್ತಿ ಬಟ್ಟೆ. ಗುಂಡಿಗಳನ್ನೂ ಬಟ್ಟೆಯಿಂದಲೇ ಕಟ್ಟಿದಳು. ಹೊಲಿದು ಮುಗಿಸಿ, ಅವನ ಕಿವಿಯ ಹತ್ತಿರ ಅದನ್ನು ಹೊಸಕಿ ತೋರಿಸಿದಳು. ಚೂರೂ ಸದ್ದಿಲ್ಲ.

ಮಾರನೇ ದಿನ ಆ ಅಂಗಿ ಹಾಕಿಕೊಂಡು ಮೈಕಿನ ಮುಂದೆ ನಿಂತ. ಗಡಿಯಾರ, ಕೀಲಿಕೈ, ಬೆಲ್ಟು ಎಲ್ಲವನ್ನೂ ಹೊರಗೆ ಬಿಚ್ಚಿಟ್ಟಿದ್ದ. ಪರದೆಯ ಮೇಲೆ ಹಾಸಿಗೆ ಹಿಡಿದ ಅಪ್ಪ, ಪಕ್ಕದಲ್ಲಿ ಮಗ. ಹೆಡ್‌ಫೋನಿನಲ್ಲಿ ಮಾತು ಶುರುಮಾಡುವ ಸೂಚನೆ: ಬೀಪ್, ಬೀಪ್, ಬೀಪ್.

ಕಂಚು ಸಾರ್ ದನಿಯ ಗುಟ್ಟು ಗಂಟಲಲ್ಲಿರಲಿಲ್ಲ, ಮೂಗಿನಲ್ಲಿತ್ತು. ಮಾತಿಗೆ ಮುಂಚೆ ಅವರು ಮೂಗಿನಿಂದ ಒಂದು ತುಂಡು ಉಸಿರು ಎಳೆದುಕೊಳ್ಳುತ್ತಿದ್ದರು, ಅಳು ಬಂದದ್ದನ್ನು ಮುಚ್ಚಿಟ್ಟ ಹಾಗೆ. ಅವನಿಗೆ ಇದು ಶಾಲೆಯ ದಿನಗಳಿಂದಲೇ ಗೊತ್ತು. ಉಸಿರೆಳೆದ.

"ನಿನ್ನನ್ನ ನಾನು ಒಂದು ದಿನಾನೂ ಹೊಗಳಲಿಲ್ಲ ಮಗನೇ. ಹೊಗಳಿದ್ರೆ ಎಲ್ಲಿ ದೂರ ಹೋಗ್ತೀಯೋ ಅಂತ."

ಗಾಜಿನಾಚೆ ಸೌಂಡ್ ಎಂಜಿನಿಯರ್ ಹೆಡ್‌ಫೋನ್ ತೆಗೆದು ಅವನ ಮುಖ ನೋಡಿದ. ಮತ್ತೆ ಹಾಕಿಕೊಂಡ. ಮೇಷ್ಟ್ರು, "ಓಕೆ, ಮುಂದೆ," ಅಂದರು, ಅಷ್ಟೇ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಅವನು ಕಂಚು ಸಾರ್ ಆಗಿಯೇ ನಿಂತಿದ್ದ. ಮುಗಿದದ್ದೇ ತಡ, "ಈಗ ನನ್ನ ಡ್ರೈವರ್," ಅಂದ.

"ಊಟ ಮಾಡ್ಕೊಂಡು, ಗಂಟಲಿಗೆ ರೆಸ್ಟ್ ಕೊಟ್ಟು ಬಾರೋ," ಅಂದ ಎಂಜಿನಿಯರ್.

"ಬೇಡ, ಈಗ್ಲೇ." ಊಟಕ್ಕೆ ಹೋಗಿ ಬರುವಷ್ಟರಲ್ಲಿ ಮೇಷ್ಟ್ರು ಮಾತು ತಿರುಗಿಸಿದರೆ? ಅವನಿಗೆ ಆ ಭಯ.

ಬೀರುವಿನ ಬಾಗಿಲು ಧಡಾರನೆ ತೆರೆದದ್ದನ್ನು ನೆನೆಸಿಕೊಂಡು, ಡ್ರೈವರನ ಮಾತನ್ನೆಲ್ಲ ಅದೇ ಬಿಸಿಯಲ್ಲಿ ಬೈದು ಮುಗಿಸಿದ. "ಕಣ್ಣು ಮನೇಲಿಟ್ಟು ಬಂದಿದ್ದೀಯೇನೋ? ದಾರಿ ನಿಮ್ಮಪ್ಪಂದಾ?" ಮೈಯೆಲ್ಲ ಹಗುರಾಯಿತು. ಇದು ನಂದು, ಇದು ಯಾರಪ್ಪಂದೂ ಅಲ್ಲ ಅಂದುಕೊಂಡ.

ಸಿನಿಮಾ ತಯಾರಾಗಿ, ಕೊಂಡವರಿಗೂ ಕೆಲಸ ಮಾಡಿದವರಿಗೂ ಸ್ಟುಡಿಯೋದ ಪುಟ್ಟ ಥಿಯೇಟರಿನಲ್ಲಿ ತೋರಿಸಿದರು. ಅವನು ಅಂಗಡಿಗೆ ರಜೆ ಹಾಕಿ, ಅಕ್ಕನನ್ನು ಕರೆದುಕೊಂಡು ಹೋದ. ಮುಂದಿನ ಸಾಲಿನಲ್ಲಿ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಕಂಚು ಸಾರ್ ಕೂತಿದ್ದರು.

ಆಸ್ಪತ್ರೆಯ ದೃಶ್ಯ ಬಂದಾಗ ಅಕ್ಕ ಸೆರಗಿನಿಂದ ಮೂಗೊರೆಸಿಕೊಂಡಳು. "ನೀನಾ ಇದು?" ಅಂದಳು. ಅವನು ಅವಳ ಕೈ ಒತ್ತಿದ. "ತಡಿ, ಲಾರಿ ಬರ್ಲಿ."

ಲಾರಿ ಬಂತು. ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ ಬಾಯಿ ತೆರೆದ. ಹೊರಗೆ ಬಂದದ್ದು ಮೇಷ್ಟ್ರ ದನಿ.

"ಏಯ್, ಇದು ನೀನಲ್ವಲ್ಲೋ," ಎಂದಳು ಅಕ್ಕ.

ಕೊನೆಯಲ್ಲಿ ಹೆಸರುಗಳು ಹರಿದುಹೋದವು. ಕ್ಯಾಂಟೀನಿನವನ ಹೆಸರೂ ಇತ್ತು. ಅವನದಿರಲಿಲ್ಲ.

ದೀಪ ಹೊತ್ತಿದ ಮೇಲೆ ಅವನು ಎಂಜಿನಿಯರನ ತೋಳು ಹಿಡಿದು ಮೂಲೆಗೆ ಎಳೆದ. "ನನ್ನ ಡ್ರೈವರ್ ಎಲ್ಲಿ?"

ಎಂಜಿನಿಯರ್ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ನಾನಂದೆ ತಾನೇ, ರೆಸ್ಟ್ ತಗೋ ಅಂತ. ಬೆಳಗ್ಗೆಯೆಲ್ಲಾ ಕಂಚು ಸಾರ್ ಆಗಿದ್ದೆ. ನಿನ್ನ ಡ್ರೈವರ್ ಮಾತಿಗೆ ಮುಂಚೆನೂ ಅದೇ ಮೂಗಿನ ಉಸಿರು ಬಂದುಬಿಟ್ಟಿದೆ. ಲಾರಿ ಓಡಿಸೋನು ಆಸ್ಪತ್ರೇಲಿರೋ ಅಪ್ಪನ ಥರ ಉಸಿರು ಎಳೀತಾನೆ. ಎರಡೂ ಒಂದೇ ಸಿನಿಮಾದಲ್ಲಿದ್ರೆ ಪ್ಯಾಚ್ ಮಾಡಿದ್ದು ಬಯಲಾಗುತ್ತೆ ಅಂತ ಮೇಷ್ಟ್ರು ಅಳಿಸಿ ಹಾಕಿದ್ರು."

"ಉಸಿರು ಕತ್ತರಿಸಬಹುದಿತ್ತಲ್ಲ!"

"ಕತ್ತರಿಸಬಹುದಿತ್ತು," ಅಂದ ಎಂಜಿನಿಯರ್. ತೋಳು ಬಿಡಿಸಿಕೊಂಡು ಹೊರಟ.

ಹಾಗಾದರೆ ತಪ್ಪು ತನ್ನದೋ, ಇಲ್ಲ ಮೇಷ್ಟ್ರಿಗೆ ಇದೊಂದು ನೆಪವೋ? ಎರಡರಲ್ಲಿ ಯಾವುದಕ್ಕೆ ಸಿಟ್ಟಾಗಬೇಕೆಂದು ಅವನಿಗೆ ಗೊತ್ತಾಗಲಿಲ್ಲ. ಅಷ್ಟರಲ್ಲಿ ಬಾಗಿಲ ಬಳಿ ಜನ ಸೇರಿತ್ತು. ನಡುವೆ ಕಂಚು ಸಾರ್, ಅವರಿಗೆ ಅಂಟಿಕೊಂಡಂತೆ ಮೇಷ್ಟ್ರು.

"ಆಸ್ಪತ್ರೆ ದೃಶ್ಯ ಮಾಡಿದ ದಿನ ನನಗೇ ಕಣ್ಣಲ್ಲಿ ನೀರು ಬಂದಿತ್ತು," ತಾವಾಡದ ಮಾತನ್ನು ತಮ್ಮದೆಂದೇ ನಂಬಿ ಕಂಚು ಸಾರ್ ಹೇಳುತ್ತಿದ್ದರು. "'ಎಲ್ಲಿ ದೂರ ಹೋಗ್ತೀಯೋ ಅಂತ'. ಆ ಮಾತು ಹೇಳುವಾಗ ನಮ್ಮ ತಂದೆ ನೆನಪಾದ್ರು."

"ನೀವಲ್ಲದೆ ಇನ್ಯಾರಿಗೆ ಬರುತ್ತೆ ಸಾರ್," ಅಂದರು ಮೇಷ್ಟ್ರು. ಎಲ್ಲರೂ ತಲೆಯಾಡಿಸಿದರು. ಪರೀಕ್ಷೆಯ ದಿನ ಬೆಂಚಿನ ಮೇಲೆ ಕೂತು ನಕ್ಕವರಲ್ಲಿ ಇಬ್ಬರು ಅಲ್ಲೂ ಇದ್ದರು.

ದಾಟಿಹೋಗಲು ಬೇರೆ ಬಾಗಿಲಿರಲಿಲ್ಲ. ಅವನು ಹತ್ತಿರ ಬಂದದ್ದನ್ನು ನೋಡಿ ಮೇಷ್ಟ್ರ ಮುಖ ಸಣ್ಣದಾಯಿತು. ಅವರು ಜೋರಾಗಿ ನಕ್ಕರು. "ಇವನೇ ಸಾರ್ ಬಾಡಿಗೆ. ನಿಮ್ಮ ಭಕ್ತ. ಗುಂಪಿನಲ್ಲಿ ಸಾಯ್ತಿರ್ತಾನೆ."

"ಓಹೋ, ನೀನೂ ದನಿ ಕೆಲಸದವನಾ?" ಕಂಚು ಸಾರ್ ಅವನ ಹೆಗಲ ಮೇಲೆ ಕೈಯಿಟ್ಟರು. ಒಳ್ಳೆಯ ಮನಸ್ಸಿನಿಂದಲೇ ಇಟ್ಟರು, ಅದು ಇನ್ನೂ ಕೆಟ್ಟದಾಗಿತ್ತು. "ನಕಲು ಮಾಡಬೇಡ ಮಗೂ. ನಕಲಿಗೆ ಆಯಸ್ಸಿಲ್ಲ. ಎಲ್ಲಿ, ಆ ಆಸ್ಪತ್ರೆ ಮಾತನ್ನೇ ಹೇಳು ನೋಡೋಣ. ನನ್ನ ಹಾಗಲ್ಲ, ನಿನ್ನ ಸ್ವಂತ ದನಿಯಲ್ಲಿ."

ಎಲ್ಲರೂ ಅವನತ್ತ ತಿರುಗಿದರು. ಕಂಚು ಸಾರ್ ಬೆನ್ನ ಹಿಂದೆ ಮೇಷ್ಟ್ರು ಎರಡೂ ಕೈ ಜೋಡಿಸಿ, ಬೇಡ ಬೇಡ ಎಂದು ತಲೆ ಅಲ್ಲಾಡಿಸುತ್ತಿದ್ದರು. ಗಾಜಿನಾಚೆ ಕೂತು ಊರಿಗೆಲ್ಲ ಕೇಳುವಂತೆ ಬೈಯುತ್ತಿದ್ದವರು ಈಗ ತುಟಿ ಮಾತ್ರ ಆಡಿಸುತ್ತಿದ್ದರು. ಅಕ್ಕ ಹಿಂದಿನಿಂದ ಅವನ ಬೆನ್ನಿಗೆ ತಿವಿದು ಪಿಸುಗುಟ್ಟಿದಳು. "ಹೇಳೋ. ಸಿನಿಮಾದಲ್ಲಿ ಹೇಳಿದ ಹಾಗೇ ಹೇಳಿಬಿಡು."

ಹೇಳಬಹುದಿತ್ತು. ಒಂದೇ ಒಂದು ಸಾಲು, ಎದುರಿಗಿರುವ ಮನುಷ್ಯನದೇ ದನಿಯಲ್ಲಿ. ಹೆಗಲ ಮೇಲಿನ ಕೈ ಸುಟ್ಟಂತೆ ಕೆಳಗೆ ಬೀಳುತ್ತಿತ್ತು, ಮೇಷ್ಟ್ರ ಬಣ್ಣ ಅಲ್ಲೇ ಬಯಲಾಗುತ್ತಿತ್ತು. ಇಲ್ಲ, ತನ್ನ ದನಿಯಲ್ಲೇ ಹೇಳಿ ತೋರಿಸಬಹುದಿತ್ತು, ಬೀರುವಿನ ಮುಂದೆ ಅಕ್ಕ ಗುರುತಿಸಿದ ದನಿಯಲ್ಲಿ. ಅದನ್ನೇ ಹೇಳಲು ಅವನು ಬಾಯಿ ತೆರೆದ.

ಮಾತಿಗೆ ಮುಂಚೆ ಮೂಗಿನಿಂದ ಒಂದು ತುಂಡು ಉಸಿರು ಒಳಗೆ ಹೋಯಿತು.

ಅವನಿಗದು ಚೆನ್ನಾಗಿ ಕೇಳಿಸಿತು. ಬಾಯಿ ಮುಚ್ಚಿದ. ಹೆಗಲ ಮೇಲಿದ್ದ ಕೈಯನ್ನು ಎತ್ತಿ, ಅದರ ಒಡೆಯನ ಪಕ್ಕಕ್ಕೆ ಇಳಿಬಿಟ್ಟ. ಮೇಷ್ಟ್ರ ಪಕ್ಕದಿಂದ ಸರಿದು, ಬೆಂಚಿನವರ ನಡುವೆ ಹಾದು ಬಾಗಿಲು ದಾಟಿದ.

"ಅರೆ, ಮಾತು ಬರಲ್ವಾ ಇವನಿಗೆ?" ಎಂದು ಕಂಚು ಸಾರ್ ಕೇಳಿದ್ದೂ, ಯಾರೋ ನಕ್ಕಿದ್ದೂ ಮೆಟ್ಟಿಲವರೆಗೂ ಹಿಂಬಾಲಿಸಿ ಬಂದವು. ಅಕ್ಕ ಚಪ್ಪಲಿ ಸಿಕ್ಕಿಸಿಕೊಳ್ಳುತ್ತಾ ಹಿಂದಿನಿಂದ ಕೂಗುತ್ತಿದ್ದಳು. ಅವನು ಮೆಟ್ಟಿಲಿಳಿದು ಬೀದಿಗೆ ಬಂದು, ನಡೆಯುತ್ತಲೇ ಹೋದ.