ಫ್ರಿಜ್ ತೆಗೆಯದ ಬೆಳಿಗ್ಗೆ

ಟೈಲರಮ್ಮನ ಫ್ರಿಜ್ಜಿನ ಬಾಗಿಲಿಗೆ ಮಗಳು ಕೋಟಿನ ಗುಂಡಿಯಷ್ಟಗಲದ ಪುಟ್ಟ ಯಂತ್ರವೊಂದನ್ನು ಅಂಟಿಸಿದ್ದಳು. ಬೆಳಿಗ್ಗೆ ಒಂಬತ್ತರೊಳಗೆ ಫ್ರಿಜ್ ತೆರೆಯದಿದ್ದರೆ ಊರಿನ ಆ ತುದಿಯಲ್ಲಿರುವ ಮಗಳ ಫೋನು ಬಡಿದುಕೊಳ್ಳುತ್ತದೆ. ಹಾಲಿಗಾದರೂ ಫ್ರಿಜ್ ತೆಗೆಯದ ಮುದುಕಿ ಉಂಟೇ? ತೆಗೆಯಲಿಲ್ಲವೆಂದರೆ ಏನೋ ಎಡವಟ್ಟಾಗಿದೆ ಎಂದೇ ಲೆಕ್ಕ.

"ನಾನು ಬದುಕಿದೀನಾ ಇಲ್ವಾ ಅಂತ ಫ್ರಿಜ್ಜನ್ನ ಕೇಳ್ತೀಯೇನೇ? ನನ್ನನ್ನೇ ಕೇಳೋಕೇನು ದಾಡಿ?" ಎಂದು ಟೈಲರಮ್ಮ ಸಿಡುಕಿದರು.

"ದಿನಾ ಫೋನ್ ಮಾಡೋಕೆ ಬಿಡುವಾಗಲ್ಲಮ್ಮ. ಇದಿದ್ರೆ ನನಗೂ ಧೈರ್ಯ, ನಿನಗೂ ಒಬ್ಬಳೇ ಇದೀನಿ ಅನ್ನಿಸಲ್ಲ."

ಮಗಳು ಹಲ್ಲಿನ ಡಾಕ್ಟರು. ಊರವರ ಬಾಯೆಲ್ಲ ಬಿಡಿಸಿ ನೋಡುವುದರಲ್ಲೇ ದಿನ ಮುಗಿಯುತ್ತಿತ್ತು. ಹೆತ್ತ ತಾಯಿಯ ಬಾಯಿ ಮಾತ್ರ ಭಾನುವಾರಕ್ಕೆ ಕಾಯಬೇಕು, ಅದೂ ಪುಣ್ಯವಿದ್ದರೆ.

ಮೊದಲ ಸಲ ಆದದ್ದು ನಿಜಕ್ಕೂ ಮರೆವು. ಹೊಲಿಗೆ ಅಂಗಡಿ ಮುಚ್ಚಿದರೂ ಕೈ ಸುಮ್ಮನಿರಬೇಕಲ್ಲ. ಹಳೆಯ ಪರದೆಯ ಅಂಚು ಬಿಚ್ಚುತ್ತ ಕೂತವರಿಗೆ ಒಂಬತ್ತಾದದ್ದೇ ತಿಳಿಯಲಿಲ್ಲ. ಅರ್ಧ ಗಂಟೆಯಲ್ಲಿ ಮಗಳು ಬಾಗಿಲು ನೂಕಿಕೊಂಡು ಬಂದಳು, ಒಂದು ಕೈಯಲ್ಲಿ ಇನ್ನೂ ರಬ್ಬರಿನ ಗವಸು. ಯಾರದೋ ಬಾಯಿ ತೆರೆಸಿ, ಹಾಗೇ ಬಿಟ್ಟು ಓಡಿ ಬಂದಿದ್ದಳಂತೆ. ತಾಯಿಯನ್ನು ತಬ್ಬಿಕೊಂಡು ಅತ್ತಳು, ಬೈದಳು, ಆಮೇಲೆ ಟೀ ಕುಡಿದು ಮಧ್ಯಾಹ್ನದವರೆಗೂ ಹರಟಿದಳು. ಎಷ್ಟು ಕಾಲವಾಗಿತ್ತೋ ಹಾಗೆ ಕೂತು!

ರುಚಿ ಕಂಡ ಬೆಕ್ಕು ಸುಮ್ಮನಿರುತ್ತದೆಯೇ? ಮುಂದಿನ ವಾರ ಟೈಲರಮ್ಮ ಫ್ರಿಜ್ಜಿನ ಎದುರಿಗೇ ಕುರ್ಚಿ ಎಳೆದುಕೊಂಡು, ಹಾಲಿಲ್ಲದ ಟೀಯನ್ನು ಮುಖ ಕಿವುಚಿ ನುಂಗುತ್ತ, ಒಂಬತ್ತು ಹೊಡೆಯುವುದನ್ನೇ ಕಾದರು. ಮಗಳು ಬಂದಳು. "ಸೊಂಟ ಹಿಡ್ಕೊಂಡಿತ್ತು ಕಣೇ" ಅಂದರು. ಇನ್ನೊಂದು ಸಲ ತಲೆಸುತ್ತು. ಮಗಳ ಮುಖ ಬಿಳಿಚಿದ್ದು ಕಂಡರೂ ಕಾಣದ ಹಾಗಿದ್ದರು.

ಆದರೆ ಅವರ ಬಾಯಲ್ಲಿ ಗುಟ್ಟು ನಿಲ್ಲಬೇಕಲ್ಲ! ಮೇಲಿನ ಮನೆಯ ಡ್ರಿಲ್ ಮೇಷ್ಟ್ರಿಗೆ ಮೆಟ್ಟಿಲ ಮೇಲೆ ಎಲ್ಲ ಒದರಿಬಿಟ್ಟರು. ಮೇಷ್ಟ್ರು ಒಂಟಿ ಜೀವ, ನಿವೃತ್ತರಾದರೂ ಎದೆ ಸೆಟೆಸಿಯೇ ನಿಲ್ಲುವವರು. "ಛೆ ಛೆ, ಇದು ಶಿಸ್ತಲ್ಲ" ಎಂದು ಮೂಗು ಮುರಿದರು. ಆದರೂ ಟೈಲರಮ್ಮನ ಮಗಳಿಂದ ತಮ್ಮ ಫ್ರಿಜ್ಜಿಗೂ ಒಂದು ಯಂತ್ರ ಹಾಕಿಸಿಕೊಂಡರು. ಊರಲ್ಲಿ ತಮ್ಮವರೆಂಬುವರು ಯಾರೂ ಇಲ್ಲದ್ದರಿಂದ ಅದರ ಕರೆ ಟೈಲರಮ್ಮನ ಫೋನಿಗೇ ಬರುವಂತಾಯಿತು.

ಒಂದು ಬೆಳಿಗ್ಗೆ ಆ ಫೋನು ಬಡಿದುಕೊಂಡಿತು. ಮೇಷ್ಟ್ರ ಫ್ರಿಜ್ ತೆರೆದಿಲ್ಲ.

ಟೈಲರಮ್ಮ ದಡಕ್ಕನೆ ಎದ್ದರು. ಮೇಷ್ಟ್ರು ಶಿಸ್ತಿನ ಮನುಷ್ಯ, ತಮ್ಮಂತೆ ನಾಟಕ ಆಡುವವರಲ್ಲ. ಕರೆ ಮಾಡಿದರೆ ಎತ್ತಲಿಲ್ಲ. ಮಂಡಿನೋವು ಎಲ್ಲಿ ಹೋಯಿತೋ, ಒಂದೇ ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದರು. ಅಯ್ಯೋ ದೇವರೇ, ಬಚ್ಚಲಲ್ಲಿ ಬಿದ್ದರೋ, ಮಲಗಿದಲ್ಲೇ ಹೋದರೋ! ಅರ್ಧ ಹತ್ತುವಾಗ ಕಾಲು ನಿಂತೇಹೋಯಿತು. ಮಗಳೂ ಮೂರು ಸಲ ಇದೇ ಸಂಕಟ ಹೊತ್ತುಕೊಂಡು ಓಡಿ ಬಂದಿದ್ದಳು. ತಮ್ಮದು ಒಂದು ಮಹಡಿ; ಅವಳದು ಇಡೀ ಊರು. ಎಂಥ ಪಾಪಿ ನಾನು, ಎಂದುಕೊಂಡು ಮತ್ತೆ ಹತ್ತಿದರು.

ಬಾಗಿಲು ಬಡಿದ ತಕ್ಷಣ ತೆರೆಯಿತು. ಇಸ್ತ್ರಿಯ ಅಂಗಿ, ಬಾಚಿದ ತಲೆ, ಹಿಂದೆ ಮೇಜಿನ ಮೇಲೆ ಎರಡು ಲೋಟ.

"ಸ್ವಲ್ಪ ತಡ ಮಾಡಿದ್ರಿ ನೀವು" ಎಂದರು ಮೇಷ್ಟ್ರು.

"ನಿಮ್ಮ ಮನೆ ಹಾಳಾಗ! ನನ್ನ ಜೀವ ಬಾಯಿಗೆ ಬಂದಿತ್ತು ಗೊತ್ತಾ? ಶಿಸ್ತಂತೆ ಶಿಸ್ತು! ಕೆಳಗಿನ ಮನೆ, ಬನ್ನಿ ಅಂದಿದ್ರೆ ಬರ್ತಿರ್ಲಿಲ್ವಾ?"

"ಕೇಳೋಕೆ ನಾಚಿಕೆ ಆಯ್ತು" ಎಂದರು ಮೇಷ್ಟ್ರು, ನೆಲ ನೋಡುತ್ತ.

ಟೈಲರಮ್ಮನಿಗೆ ಇನ್ನೂ ಬೈಯಬೇಕೆಂದಿತ್ತು, ಆಗಲಿಲ್ಲ. ಕುರ್ಚಿಯಲ್ಲಿ ಕುಸಿದು ಮಗಳಿಗೆ ಫೋನ್ ಮಾಡಿದರು.

"ಏನಾಯ್ತಮ್ಮ?" ಮಗಳ ದನಿ ಆಗಲೇ ನಡುಗುತ್ತಿತ್ತು.

"ಏನೂ ಆಗಿಲ್ಲ. ಆವತ್ತು ಸೊಂಟಾನೂ ಹಿಡಿದಿರ್ಲಿಲ್ಲ, ಆಮೇಲೆ ತಲೆನೂ ಸುತ್ತಿರ್ಲಿಲ್ಲ. ಬೇಕಂತ್ಲೇ ಫ್ರಿಜ್ ತೆಗೀಲಿಲ್ಲ ಕಣೇ. ತಪ್ಪಾಯ್ತು."

"ಅಮ್ಮಾ! ಬಾ ಅಂತ ಒಂದು ಮಾತು ಹೇಳೋಕೇನಾಗಿತ್ತು ನಿನಗೆ?"

"ಬಾ ಅಂದ್ರೆ ಭಾನುವಾರ ನೋಡೋಣ ಅಂತೀಯ. ಸತ್ತೆ ಅಂದ್ರೆ ಅರ್ಧ ಗಂಟೇಲಿ ಬರ್ತೀಯ."

ಆ ಕಡೆ ಮೂಗು ಸೀಟಿದ ಸದ್ದು.

"ಬರ್ತೀನಿ, ಈಗ್ಲೇ ಹೊರಟೆ."

"ಈಗ ಬೇಡ. ಇಲ್ಲೊಬ್ರು ಬೆಳಿಗ್ಗೆಯಿಂದ ಟೀ ಇಲ್ದೆ ಕೂತಿದ್ದಾರೆ, ಪಾಪ. ಸಂಜೆ ಬಾ" ಎಂದರು ಟೈಲರಮ್ಮ. "ಓಡಿ ಬರಬೇಡ ಮಗಾ. ನಿಧಾನಕ್ಕೆ ಬಾ."