ಮಚ್ಚೆಯಿಲ್ಲದ ಜಾಗ

ಡಬ್ — ಪೊಳ್ಳು, ಅದು ಪೊಳ್ಳು, ಗಟ್ಟಿ ಗಿಲಾವಾದರೆ ಟಣ್ ಅನ್ನುತ್ತದೆ, ಒಳಗೆ ಬಿಟ್ಟುಕೊಂಡದ್ದು ಡಬ್ ಅನ್ನುತ್ತದೆ, ಕಿವಿ ಅರ್ಧ ಹೋಗಿದ್ದರೂ ಈ ಸದ್ದು ಮಾತ್ರ ನನಗೆ ಸರಿಯಾಗಿ ಕೇಳುತ್ತದೆ, ನಲವತ್ತು ವರ್ಷ ಗೋಡೆ ಬಡಿದು ತಿಂದ ಅನ್ನ ಅಲ್ಲವೇ, ಡಬ್, ಹೊಸ ಮೇಸ್ತ್ರಿಯ ಉಳಿಗೆ ಮತ್ತೊಂದು ಚಕ್ಕೆ ಎದ್ದು ಬಂತು, ಹರಳುಕಲ್ಲುಗಳು ಅಂಗಳದ ತುಂಬ ಉರುಳಿದವು, ಒಂದು ನನ್ನ ಕುರ್ಚಿಯ ಕಾಲಿಗೆ ಬಂದು ನಿಂತಿತು, ನಾನೇ ಜರಡಿ ಹಿಡಿದು ಆರಿಸಿದ್ದು ಇವನ್ನೆಲ್ಲ, ಕಡಲೆಕಾಳಿನ ಗಾತ್ರ, ಅದಕ್ಕಿಂತ ದಪ್ಪ ಇದ್ದರೆ ಹಸಿ ಗಿಲಾವಿನ ಮೇಲೆ ಎರಚಿದಾಗ ಹಿಡಿಯುವುದಿಲ್ಲ, ಸಣ್ಣದಾದರೆ ಮುಳುಗಿಹೋಗುತ್ತದೆ, ಆ ಕಾಲಕ್ಕೆ ಹರಳು ಎರಚಿದ ಗೋಡೆ ಅಂದರೆ ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು, ಈಗ ನೋಡಿದರೆ — ದೊಡ್ಡಪ್ಪ, ಇದು ಯಾವ ಕಾಲದ್ದು, ಧೂಳು ಕೂತು ಕೂತು ಕಪ್ಪಾಗಿದೆ, ಸವರಿಕೊಂಡು ಹೋದ್ರೆ ಮೊಣಕೈ ತರಚುತ್ತೆ, ಕಿತ್ತು ನುಣ್ಣಗೆ ಮಾಡಿಸಿ ತಿಳಿ ಬಣ್ಣ ಹೊಡೆಸೋಣ — ತಮ್ಮನ ಮಗಳು, ನಾನೇ ಎತ್ತಿ ಆಡಿಸಿದವಳು, ಹತ್ತು ವರ್ಷದಿಂದ ಕೇಳುತ್ತಿದ್ದಾಳೆ, ಹತ್ತು ವರ್ಷದಿಂದ ನಾನು ಬೇಡ ಅಂದೆ, ಅದು ನಿಮ್ಮಪ್ಪನ ಕೈಗೆಲಸ ಕಣಮ್ಮ, ನಾನಿರೋವರೆಗೆ ಮುಟ್ಟಬೇಡ ಅಂದೆ, ಅವಳ ಕಣ್ಣಲ್ಲಿ ನೀರು ಬಂತು, ಥೂ, ಎಂಥ ಮಾತು ಎಂಥ ಬಾಯಿಂದ ಬಂತು, ಸತ್ತ ತಮ್ಮನ ಮೇಲಿನ ಪ್ರೀತಿ ಅಂದುಕೊಂಡಳು ಪಾಪ. ಈ ವರ್ಷ ನನ್ನ ಆಟ ನಡೆಯಲಿಲ್ಲ, ಗಿಲಾವು ಬಿಟ್ಟುಕೊಂಡು ನೀರು ಒಳಗಿಳಿದು ಅವಳ ಅಮ್ಮ ಮಲಗುವ ಕೋಣೆಯ ಗೋಡೆ ಹಸಿಯಾಗಿದೆ, ಅವಳಮ್ಮನ ಕೆಮ್ಮು ನಿಲ್ಲುತ್ತಿಲ್ಲ, ಇನ್ನು ಯಾವ ಬಾಯಲ್ಲಿ ಬೇಡ ಅನ್ನಲಿ, ಕೆಡವದೆ ಮೇಲೇ ಒಂದು ಪದರ ಬಳಿದುಬಿಡಿ ಅಂದೆ ಹೊಸ ಮೇಸ್ತ್ರಿಗೆ, ಅವನು ನಕ್ಕ, ಯಜಮಾನ್ರೇ, ಪೊಳ್ಳಿನ ಮೇಲೆ ಬಳಿದ್ರೆ ನಿಲ್ಲುತ್ತಾ, ನಿಮಗೆ ಗೊತ್ತಿಲ್ದೇ ಇರೋದಾ. ಗೊತ್ತು, ಈ ಗೋಡೆಯಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ.

ಎಡಗಡೆಯಿಂದ ಶುರು ಮಾಡಿದ್ದಾನೆ, ಇವನದ್ದು ಕಬ್ಬಿಣದ ಸಾರುವೆ, ನೆಲದ ಮೇಲೆ ತಾನೇ ನಿಲ್ಲುತ್ತದೆ, ಗೋಡೆಗೆ ತೂತು ಬೇಡ, ನಮ್ಮದು ಬಿದಿರಿನದು, ಗಳದ ಒಂದು ತುದಿ ಗೋಡೆಯ ತೂತಿನೊಳಗೆ, ಇನ್ನೊಂದು ತುದಿ ನೆಟ್ಟ ಕಂಬಕ್ಕೆ ಹಗ್ಗ ಬಿಗಿದು, ಗಳಗಳ ಮೇಲೆ ಹಲಗೆ, ಹಲಗೆಯ ಮೇಲೆ ನಾವು, ಕೆಲಸ ಮುಗಿದ ಮೇಲೆ ಕೊನೆಯವನು ಕೆಳಗೆ ಬಂದು ಇಳಿದೇ ಅಂತ ಕೂಗಬೇಕು, ಆ ಕೂಗು ಕೇಳಿದ ಮೇಲೆ ಗಳ ಕೀಳಬೇಕು, ತೂತಿಗೆ ಇಟ್ಟಿಗೆ ಚೂರು ತುರುಕಿ, ಗಿಲಾವು ಮೆತ್ತಿ, ಹರಳು ಎರಚಿ ಮುಚ್ಚಬೇಕು, ಮೊದಲ ಪಾಠ ಅದು, ನಾನೇ ಎಷ್ಟು ಜನಕ್ಕೆ ಕಲಿಸಿದ್ದೆ, ಇಳಿದೇ ಅನ್ನೋದು ಕೇಳದೆ ಗಳಕ್ಕೆ ಕೈ ಹಾಕಿದ್ರೆ ಕೈ ಮುರೀತೀನಿ ಅಂತ. ಆದರೆ ಇನ್ನೊಂದು ದಿನ ಕಲಸಿದ ಗಾರೆಯಲ್ಲಿ ಮುಚ್ಚಿದರೆ ಬಣ್ಣ ಕೂಡುವುದಿಲ್ಲ, ಮಚ್ಚೆ ಬೀಳುತ್ತದೆ, ದುಂಡಗೆ, ಸ್ವಲ್ಪ ಕಪ್ಪಗೆ, ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಕಣ್ಣಿಗೆ ಹೊಡೆಯುತ್ತದೆ. ಈ ಗೋಡೆಯ ಮೇಲುಸಾಲಿನಲ್ಲಿ ಆರು ಮಚ್ಚೆ ಇವೆ, ಎಡದಿಂದ ಆರು, ಒಂದಕ್ಕೊಂದು ಸರಿ ಅಂತರ, ಏಳನೆಯದು ಬಲತುದಿಯಲ್ಲಿ ಇರಬೇಕು, ತಮ್ಮನ ಹೆಂಡತಿಯ ಕೋಣೆಯ ಕಿಟಕಿಯ ಮೇಲೆ, ಇಲ್ಲ, ಅಲ್ಲಿ ಗೋಡೆ ಕಲೆಯಿಲ್ಲದೆ ಇದೆ, ಗಳವೇ ಇರಲಿಲ್ಲವೇನೋ ಅನ್ನುವ ಹಾಗೆ, ಮೂವತ್ತೊಂದು ವರ್ಷ ನಾನು ಆ ಜಾಗ ನೋಡಿದ್ದೇನೆ, ಹಲ್ಲುಜ್ಜುವಾಗ, ಚಪ್ಪಲಿ ಬಿಡುವಾಗ, ಪೇಪರು ಓದುವ ನೆಪದಲ್ಲಿ, ಗಾರೆ ಕೆಲಸ ಬಲ್ಲವರು ಯಾರಾದರೂ ಮನೆಗೆ ಬಂದರೆ ಗೋಡೆಗೆ ಬೆನ್ನು ಹಾಕಿ ಕೂರಿಸುತ್ತಿದ್ದೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಗೋಡೆಗೂ ಕಿವಿ ಇರುತ್ತದಂತೆ, ಇರಲಿ, ಬಾಯಿಲ್ಲವಲ್ಲ ಅನ್ನುವುದೇ ನನ್ನ ಧೈರ್ಯ. ಡಬ್. ಮೂರನೆಯ ಮಚ್ಚೆ ಬಿತ್ತು.

ಬಿಸಿಲು ಅವತ್ತೂ ಹೀಗೇ ಇತ್ತು, ನಮ್ಮದೇ ಮನೆ, ನಾವಿಬ್ಬರೇ, ವಾರವಿಡೀ ಬೇರೆಯವರ ಗೋಡೆ, ರಜೆಯ ದಿನ ನಮ್ಮದು, ತಮ್ಮನನ್ನು ಎಲ್ಲರೂ ಗಡಿಬಿಡಿ ಅಂತಲೇ ಕರೆಯುತ್ತಿದ್ದರು, ಊಟ ಗಡಿಬಿಡಿ, ನಡಿಗೆ ಗಡಿಬಿಡಿ, ಮದುವೆಯ ದಿನ ಅಂಗಿ ತಿರುಗುಮುರುಗು ಹಾಕಿಕೊಂಡು ಬಂದವನು, ಆದರೆ ಗೋಡೆಯ ಮುಂದೆ ನಿಂತರೆ ಮಾತ್ರ ಸೂಜಿಗೆ ದಾರ ಪೋಣಿಸುವವನ ಹಾಗೆ, ಇದನ್ನು ನಾನು ಬಿಟ್ಟರೆ ಬಲ್ಲವರಿಲ್ಲ. ಅವನು ಮೇಲೆ, ಹಲಗೆಯ ಎಡತುದಿಯಲ್ಲಿ, ಸೂರಿನ ಕೆಳಗೆ ಕೊನೆಯ ಹಿಡಿ ಹರಳು ಎರಚುತ್ತಿದ್ದ, ನಾನು ಬಲಗಡೆ ಏಣಿಯ ಮೇಲೆ, ಬಾಂಡಲಿಯಲ್ಲಿ ಗಾರೆ ಬಿಗಿಯುತ್ತಿತ್ತು, ಇನ್ನು ಕಾಲು ಗಂಟೆ ಕಳೆದರೆ ಕಲ್ಲು, ನಾಳೆ ಬೇರೆ ಕಲಸಿದರೆ ಮಚ್ಚೆ, ನನ್ನ ಗೋಡೆಯಲ್ಲಿ, ನಾಲ್ಕು ಬೀದಿಗೆ ಹೆಸರಾದ ಮೇಸ್ತ್ರಿಯ ಸ್ವಂತ ಮನೆಯಲ್ಲಿ ಮಚ್ಚೆ, ಆಯ್ತಾ ಅಂದೆ, ಆಯ್ತಣ್ಣ ಅಂದ, ಆಯ್ತು ಅಂದ, ಇಳಿದೇ ಅನ್ನಲಿಲ್ಲ, ನನಗೆ ಗೊತ್ತಿತ್ತು ಅನ್ನಲಿಲ್ಲವೆಂದು, ಎಡಗಡೆ ಏಣಿ ಇದೆ, ಇಳಿಯುತ್ತಾನೆ ಬಿಡು ಅಂದುಕೊಂಡೆ, ಹಗ್ಗ ಬಿಚ್ಚಿದೆ, ತುದಿಯ ಗಳ ಎಳೆದೆ, ಸಲೀಸಾಗಿ ಬಂತು, ಇಟ್ಟಿಗೆ ಚೂರು, ಗಾರೆ, ಒಂದು ಹಿಡಿ ಹರಳು, ಎಷ್ಟು ಚೆನ್ನಾಗಿ ಕೂತಿತೆಂದರೆ ನಾನೇ ಒಂದು ಗಳಿಗೆ ತಲೆ ಹಿಂದೆ ಮಾಡಿ ನೋಡಿದೆ, ಎಲ್ಲಿತ್ತು ತೂತು ಅಂತ ನನಗೇ ಗೊತ್ತಾಗಲಿಲ್ಲ, ನಗು ಬಂತು, ಹೌದು, ನಕ್ಕೆ, ಆಗಲೇ ತಲೆಯ ಮೇಲೆ ಹಲಗೆ ಕಿರುಗುಟ್ಟಿತು — ಅಣ್ಣ, ಇಲ್ಲೊಂದು ಕಡೆ ಹರಳು ಹಿಡಿದಿಲ್ಲ, ಒಂದು ಹಿಡಿ ಹಾಕಿಬಿಡ್ತೀನಿ — ವಾಪಸು ಬಂದಿದ್ದ, ಅಂಗೈಯಗಲ ಜಾಗ ಖಾಲಿ ಉಳಿದಿದೆ ಅಂತ, ಇಡೀ ಹಲಗೆ ದಾಟಿಕೊಂಡು, ನಿಧಾನವಾಗಿ, ನಾನು ಬೇಡ ಅನ್ನುವಷ್ಟರಲ್ಲಿ ಹಲಗೆಯ ತುದಿ ಕೆಳಗೆ ಬಿತ್ತು, ಕೆಳಗೆ ಮಿಕ್ಕ ಇಟ್ಟಿಗೆಯ ರಾಶಿ, ಅಣ್ಣ, ಹಲಗೆ... ಅಂದ, ಅಷ್ಟೇ ಅಂದ, ಅವನ ಮುಷ್ಟಿಯಲ್ಲಿ ಹರಳು ಹಾಗೇ ಇತ್ತು.

ಜನ ಓಡಿಬಂದರು, ಗಳ ನೆಲದ ಮೇಲೆ ಬಿದ್ದಿತ್ತು, ನಾನೇ ಇಳಿಸಿ ಇಟ್ಟದ್ದು, ಅಯ್ಯೋ ಗಳ ಕಳಚಿಕೊಂಡಿತಾ ಅಂದರು ಪಕ್ಕದ ಮನೆಯವರು, ನಾನು ಹೂಂ ಅಂದೆ, ಒಂದು ಹೂಂ, ಸುಳ್ಳು ಹೇಳಲಿಲ್ಲ ನಾನು, ಅವರು ಹೇಳಿದ ಸುಳ್ಳಿಗೆ ಹೂಂ ಅಂದೆ, ತಲೆಯೆತ್ತಿ ಗೋಡೆ ನೋಡಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು, ಕಳಚಿಕೊಂಡ ಗಳದ ತೂತು ಎಲ್ಲಿ ಅಂತ, ಯಾರೂ ನೋಡಲಿಲ್ಲ, ಎಲ್ಲರೂ ಅವನ ತಲೆ ನೋಡುತ್ತಿದ್ದರು. ಆಮೇಲೆ ಊರಿಗೆ ಊರೇ — ಕುಣಿದಾಡಿಕೊಂಡು ಓಡಾಡಿರ್ತಾನೆ ಹಲಗೆ ಮೇಲೆ, ಗಡಿಬಿಡಿ ಅಲ್ವಾ ಅವನು — ಅವನ ಹೆಂಡತಿಯೂ ಅದನ್ನೇ ನಂಬಿದಳು, ಮಗು ಆಗ ಒಂಬತ್ತು ತಿಂಗಳದು, ಅವನ ಫೋಟೋ ಒರೆಸುವಾಗೆಲ್ಲ ಬೈಯುತ್ತಾಳೆ, ಬಡ್ಕೊಂಡೆ, ನಿಧಾನ ಅಂತ ಬಡ್ಕೊಂಡೆ, ಕೇಳಿದ್ರಾ ನೀವು, ಮೂವತ್ತೊಂದು ವರ್ಷ ಸತ್ತವನನ್ನು ಬೈದಿದ್ದಾಳೆ, ನಾನು ಪಕ್ಕದ ಕೋಣೆಯಲ್ಲಿ ಕೇಳಿಸಿಕೊಂಡಿದ್ದೇನೆ. ಮಗು ಓಡಿದರೆ, ಅಪ್ಪನ ಹಾಗೆ ಗಡಿಬಿಡಿ ಮಾಡ್ಬೇಡ, ಮೆಟ್ಟಿಲು ಇಳಿದರೆ, ಅಪ್ಪನ ಹಾಗೆ ಬೀಳ್ತೀಯ, ಆ ಹುಡುಗಿ ಇವತ್ತಿಗೂ ಪ್ರತಿ ಮೆಟ್ಟಿಲಿನ ಮೇಲೆ ಎರಡೂ ಕಾಲು ಊರಿ ಇಳಿಯುತ್ತಾಳೆ, ನನ್ನಿಂದ ಆಗಿದ್ದು ಅದೂ. ಮಿಕ್ಕ ಆರು ತೂತನ್ನು ಮೂರು ತಿಂಗಳ ಮೇಲೆ ನಾನೊಬ್ಬನೇ ಮುಚ್ಚಿದೆ, ಬೇರೆ ಮರಳು, ಬೇರೆ ಗಾರೆ, ಮಚ್ಚೆ ಬಿತ್ತು, ಬೀಳಲಿ ಅಂತಲೇ ಬಿಟ್ಟೆ, ಮದುವೆ ಬೇಡ ಅಂದೆ, ದುಡಿದದ್ದನ್ನೆಲ್ಲ ಇವರಿಬ್ಬರಿಗೇ ಸುರಿದೆ, ದೇವರಂಥ ಭಾವ ಅಂತ ಅವಳು ಬಂದವರ ಮುಂದೆಲ್ಲ ಹೇಳುತ್ತಾಳೆ, ನಿಜ ಹೇಳಿಬಿಡಬೇಕು ಅಂತ ಎಷ್ಟು ಸಲ ಬಾಯಿ ತೆರೆದೆ, ಅನ್ನ ಬಡಿಸುತ್ತಿದ್ದಳು, ಇನ್ನು ಸ್ವಲ್ಪ ಹಾಕ್ಲಾ ಭಾವ ಅಂದಳು, ಹೂಂ ಅಂದೆ.

ಡಬ್, ಆರನೆಯದು, ಅದರ ಹಿಂದೆ ತೂತು, ತೂತಿನೊಳಗೆ ಸಡಿಲ ಇಟ್ಟಿಗೆ, ಮೇಸ್ತ್ರಿ ಬೆರಳಲ್ಲೇ ಕಿತ್ತು ಕೆಳಗೆ ಹಾಕಿದ, ಅವಳು ಚಹಾ ತಂದಳು, ಭಾವ, ಧೂಳಲ್ಲಿ ಕೂತಿದ್ದೀರಲ್ಲ, ಒಳಗೆ ಬನ್ನಿ, ಇರ್ಲಿ ಬಿಡಮ್ಮ, ಕೆಮ್ಮಿದಳು, ಸೆರಗು ಬಾಯಿಗೆ ಹಿಡಿದು ಗೋಡೆ ನೋಡುತ್ತ ನಿಂತಳು, ಹೋಗಮ್ಮ, ಒಳಗೆ ಹೋಗು, ನಿಲ್ಲಬೇಡ ಅಲ್ಲಿ, ಅದೇ ಜಾಗ, ಇಟ್ಟಿಗೆಯ ರಾಶಿ ಇದ್ದ ಜಾಗ, ಮೇಸ್ತ್ರಿ ಬಲತುದಿಗೆ ಸರಿದ, ಉಳಿ ಇಟ್ಟ, ಡಬ್ ಅಲ್ಲ, ಟಣ್, ಅಲ್ಲಿ ಮಾತ್ರ ಗಟ್ಟಿ, ಟಣ್, ಅಷ್ಟು ಚೆನ್ನಾಗಿ ಮಾಡಿದ್ದೆ, ಟಣ್, ತಟ್ಟೆಯಗಲದ ಒಂದೇ ಚಕ್ಕೆ ಬಂತು, ಅವನು ಅದನ್ನು ಕೈಯಲ್ಲಿ ತಿರುಗಿಸಿ ನೋಡಿದ, ಬಗ್ಗಿ ಗೋಡೆ ನೋಡಿದ, ಹಾಳಾದವನು ಕೆಲಸ ಬಲ್ಲವನು — ಯಜಮಾನ್ರೇ, ಇದೇನು ಆಶ್ಚರ್ಯ, ಆ ಆರು ತೂತಿಗೆ ಬೇರೆ ಗಾರೆ, ಇದೊಂದಕ್ಕೆ ಗೋಡೆದೇ ಗಾರೆ, ಎಲ್ಲಾ ಒಂದೇ ಹಸಿಯಲ್ಲಿ ಮಾಡಿದ್ದು. ಅಂದ್ರೆ ಏನಪ್ಪಾ, ಅವಳು ಕೇಳಿದಳು, ಸುಮ್ಮನೆ, ಮಾತಿಗೆ ಮಾತು ಅಂತ. ಏನಿಲ್ಲಮ್ಮ, ಮಿಕ್ಕಿದ್ದೆಲ್ಲ ಎಷ್ಟೋ ದಿನ ಆದ್ಮೇಲೆ ಮುಚ್ಚಿದಾರೆ, ಈ ತುದಿ ಗಳ ಮಾತ್ರ ಕೆಲಸ ನಡೀತಿರೋವಾಗಲೇ ಕಿತ್ತು ಮುಚ್ಚಿಬಿಟ್ಟಿದಾರೆ, ಯಾರೋ ಏನೋ, ಮೇಲೆ ಹಲಗೆ ಇರುತ್ತಲ್ಲ, ಯಾರಾದ್ರೂ ಕಾಲಿಟ್ಟಿದ್ರೆ ಕತೆ ಮುಗೀತಿತ್ತು, ಇಷ್ಟೊಂದು ಗಡಿಬಿಡಿ ಯಾಕೋ. ಅವನು ಇಟ್ಟಿಗೆ ಚೂರಿಗೆ ಉಳಿ ಹಾಕಿ ಮೀಟಿದ, ಅದು ಅವಳ ಕಾಲ ಹತ್ತಿರ ಬಿತ್ತು, ಅವಳು ಅದನ್ನು ನೋಡಿದಳು, ತೂತು ನೋಡಿದಳು, ತಾನು ನಿಂತ ನೆಲ ನೋಡಿದಳು, ಒಂದು ಹೆಜ್ಜೆ ಹಿಂದೆ ಸರಿದಳು, ಕೆಮ್ಮು ನಿಂತುಹೋಗಿದೆ, ಇಷ್ಟು ದಿನದಲ್ಲಿ ಮೊದಲ ಸಲ, ತಿರುಗಿದಳು, ಭಾವ, ಅಂದಳು, ದನಿ ಏರಲಿಲ್ಲ, ಗಡಿಬಿಡಿ ಯಾರದ್ದು ಭಾವ, ಅವರದ್ದೇನಾ — ಹೂಂ ಅಂದರೆ ಸಾಕು ಈಗ, ಇನ್ನೊಂದೇ ಒಂದು ಹೂಂ, ಅದು ಸುಲಭ, ಅದು ಅಭ್ಯಾಸವಾದದ್ದು, ಬಾಯಿ ತೆರೆದಿದ್ದೇನೆ, ಅವಳು ಕಾಯುತ್ತಿದ್ದಾಳೆ, ಲೋಟದ ಚಹಾ ಆರುತ್ತಿದೆ, ಅವಳ ತಲೆಯ ಮೇಲೆ ಅದು, ಕಿಟಕಿಯ ಮೇಲೆ, ಮುಷ್ಟಿಯಗಲ, ದುಂಡಗೆ, ಒಳಗೆ ಕತ್ತಲೆ, ತೂತು, ಬಾಯಿ ತೆರೆದುಕೊಂಡು ತೂತು, ಆ ತೂತು —